7 ಕಂಪ್ಯೂಟರ್, 42 ಮಕ್ಕಳು, ವಾರಕ್ಕೊಂದು ಪಿರಿಯಡ್: ಡಿಜಿಟಲ್ ಪೌರತ್ವದ ಪಾಠ ಎಲ್ಲಿಂದ ಶುರು ಮಾಡುವುದು?

ಕಡೇಬೆಂಚು:

ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಒಂಬತ್ತನೇ ತರಗತಿ. ಲ್ಯಾಬಿನಲ್ಲಿ 10 ಕಂಪ್ಯೂಟರ್ ಇವೆ, ಓಡುವುದು 7. ನೆಟ್ ಅಂದರೆ ಒಂದು ಮೊಬೈಲಿನ ಹಾಟ್‌ಸ್ಪಾಟ್. ಪಿರಿಯಡ್ 40 ನಿಮಿಷದ್ದು. ದಸರಾ ರಜೆಯೊಳಗೆ ಹೆಚ್ಚೆಂದರೆ 12 ಪಿರಿಯಡ್ ಸಿಗುತ್ತವೆ. ಸುಮಾರು 30 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಆದರೆ ಅದು ಅಪ್ಪನದೋ ಅಕ್ಕನದೋ. ಉಳಿದ 12 ಮಕ್ಕಳ ಮನೆಯಲ್ಲಿ ಅದೂ ಇಲ್ಲ.

ಗೋಡೆಗೆ ಅಂಟಿಸಿದ "ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಅಪರಿಚಿತರ ಜೊತೆ ಮಾತಾಡಬೇಡಿ" ಎಂಬ ಪಟ್ಟಿಯನ್ನು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ನಡವಳಿಕೆಯಲ್ಲಿ ಏನೂ ಕಾಣುವುದಿಲ್ಲ. ಡಿಜಿಟಲ್ ಪೌರತ್ವದಲ್ಲಿ, ಅಂದರೆ ಫೋನು, ನೆಟ್ಟನ್ನು ಜವಾಬ್ದಾರಿಯಿಂದ ಬಳಸುವುದರಲ್ಲಿ, ಯಾವುದನ್ನು ಮೊದಲು ತೆಗೆದುಕೊಳ್ಳಬೇಕು, ಇಷ್ಟು ಯಂತ್ರಗಳಲ್ಲಿ ಎಲ್ಲರ ಕೈಗೂ ಕೆಲಸ ಬರುವ ಹಾಗೆ ಹೇಗೆ ನಡೆಸಬೇಕು? ಫಾರ್ವರ್ಡ್ ಮೆಸೇಜ್ ಪರೀಕ್ಷಿಸುವುದನ್ನು ಕಲಿಸಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಸೀಮೆಸುಣ್ಣ:

ಸರ್, ಮಕ್ಕಳಿಗಿಂತ ಮೊದಲು ತರಗತಿಯ ವಾಟ್ಸಾಪ್ ಗುಂಪನ್ನು ಸರಿಮಾಡಿ. ಗುಂಪಿನಲ್ಲಿ ಇಡೀ ತರಗತಿಯ ಅಂಕಪಟ್ಟಿ ಹಾಕಿ, ಮಾರನೆಯ ದಿನ "ಖಾಸಗಿತನ" ಎಂದು ಪಾಠ ಮಾಡಿದರೆ ಮಕ್ಕಳು ನಂಬುವುದು ಅಂಕಪಟ್ಟಿಯನ್ನೇ, ಪಾಠವನ್ನಲ್ಲ. ಶಾಲೆ ಹೇಗೆ ನಡೆದುಕೊಳ್ಳುತ್ತದೋ ಅದೇ ಮೊದಲ ಪಾಠ.

ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಮನೆಯ ನಂಬರಿಗೆ ಬೇಡದ ಕರೆ ಬರಲು ಅಷ್ಟು ಸಾಕು. ಅದರ ಬದಲು ವಾಟ್ಸಾಪಿನ ಕಮ್ಯುನಿಟಿ ಮಾಡಿ, ಅದರ ಅನೌನ್ಸ್‌ಮೆಂಟ್ ಗುಂಪನ್ನು ಮಾತ್ರ ಬಳಸಿ. ಅಲ್ಲಿ ಅಡ್ಮಿನ್‌ಗಳಷ್ಟೇ ಬರೆಯಬಹುದು, ಸದಸ್ಯರ ನಂಬರ್ ಉಳಿದ ಪೋಷಕರಿಗೆ ಕಾಣುವುದಿಲ್ಲ. ಅಂಕಗಳನ್ನು ಕೈಯಲ್ಲೇ ಕೊಡಿ. ಹೋಮ್‌ವರ್ಕ್ ಮೊದಲು ಬೋರ್ಡಿನ ಮೇಲೆ, ಆಮೇಲೆ ಬೇಕಾದರೆ ಗುಂಪಿನಲ್ಲಿ. ಗುಂಪಿನಲ್ಲಿ ಮಾತ್ರ ಬಂದ ಹೋಮ್‌ವರ್ಕ್ ಆ 12 ಮಕ್ಕಳಿಗೆ ಇಲ್ಲದ ಹಾಗೇ. ಮಾರನೆಯ ದಿನ ಅವರನ್ನೇ ಎಬ್ಬಿಸಿ ನಿಲ್ಲಿಸುವುದು ದೊಡ್ಡ ಅನ್ಯಾಯ.

ಫೋಟೊ ವಿಷಯದಲ್ಲೂ ಹಾಗೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ತಳಹದಿ. ಮುಖ, ಹೆಸರು, ಊರು, ಸಮವಸ್ತ್ರ ನಾಲ್ಕೂ ಒಂದೇ ಪೋಸ್ಟಿನಲ್ಲಿ ಬರದ ಹಾಗೆ ನೋಡಿಕೊಳ್ಳಿ. ಬಹುಮಾನ ವಿತರಣೆಯ ಫೋಟೊಗಳಲ್ಲಿ ಇದು ಸದಾ ತಪ್ಪಿಹೋಗುತ್ತದೆ. ಇನ್ನೊಂದು: ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಶಾಲೆಯ ಗಿಡವೊಂದರ ಫೋಟೊ ತೆಗೆದು ಎರಡೂ ರೀತಿ ಕಳಿಸಿ, ಬಂದ ಫೈಲಿನ ವಿವರ ತೆರೆದು ತೋರಿಸಿ. ಒಂಬತ್ತನೆಯವರಿಗೆ ಹತ್ತು ನಿಮಿಷದ ಒಳ್ಳೆಯ ಪ್ರಯೋಗ. ತೆಗೆಯುವಾಗ ಕ್ಯಾಮೆರಾದ ಲೊಕೇಶನ್ ಆನ್ ಇರಲಿ, ಇಲ್ಲದಿದ್ದರೆ ಎರಡರಲ್ಲೂ ಏನೂ ಸಿಗದೆ ಪ್ರಯೋಗ ಕೆಡುತ್ತದೆ.

ಲ್ಯಾಬ್ ಕೀಲಿಕೈ:

ಯಂತ್ರಗಳ ಲೆಕ್ಕಕ್ಕೆ ಬರುತ್ತೇನೆ. 42 ಮಕ್ಕಳನ್ನು 7 ಕಂಪ್ಯೂಟರಿಗೆ ಹಂಚಿದರೆ ಒಂದಕ್ಕೆ 6 ಜನ. ಇಬ್ಬರು ಕೆಲಸ ಮಾಡುತ್ತಾರೆ, ನಾಲ್ವರು ಬೆನ್ನು ನೋಡುತ್ತಾರೆ. ತರಗತಿಯನ್ನು ಅರ್ಧ ಮಾಡಿ: 21 ಮಕ್ಕಳು ಮೂವರಂತೆ ಯಂತ್ರದ ಮುಂದೆ, ಇನ್ನು 21 ಮಕ್ಕಳು ಅದೇ ವಿಷಯದ ಕಾಗದದ ಕೆಲಸದಲ್ಲಿ. 3 ನಿಮಿಷ ಕೂರಲು, 17 ನಿಮಿಷ ಕೆಲಸ, ಅದಲುಬದಲು, ಮತ್ತೆ 17. ಮೂವರಲ್ಲಿ ಒಬ್ಬರು ಕೀಬೋರ್ಡು, ಒಬ್ಬರು ಪರದೆ ಓದುವವರು, ಒಬ್ಬರು ಬರೆದುಕೊಳ್ಳುವವರು. ಐದೈದು ನಿಮಿಷಕ್ಕೆ ಗಂಟೆ ಹೊಡೆದು ಜಾಗ ಬದಲಿಸಿ. ಗಂಟೆ ಇಲ್ಲದಿದ್ದರೆ ಮನೆಯಲ್ಲಿ ಫೋನ್ ಇರುವ ಮಗುವೇ ಕೊನೆಯವರೆಗೂ ಕೀಬೋರ್ಡ್ ಬಿಡುವುದಿಲ್ಲ. ಹುಡುಗರು ಮೊದಲು ಹೋಗಿ ಕೂರುವುದೂ ಸಾಮಾನ್ಯ. ಮೊದಲ ಸರದಿ ಯಾರದೆಂದು ನೀವೇ ಹೆಸರು ಕೂಗಿ.

ಹಾಟ್‌ಸ್ಪಾಟಿಗೆ ಏಳು ಯಂತ್ರ ಹಾಕಿದರೆ ಪಿರಿಯಡ್ ಪೂರ್ತಿ ಪುಟ ತೆರೆಯುವುದನ್ನೇ ಕಾಯಬೇಕು. ಕಿವಿಕ್ಸ್ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯದ ಫೈಲನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೇ ಓದಬಹುದು. ಗಣಿತದ ಜಿಯೋಜೀಬ್ರಾ ಮತ್ತು ವಿಜ್ಞಾನ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿಸುವ ಫೆಟ್ ಸಿಮ್ಯುಲೇಶನ್‌ಗಳೂ ಆಫ್‌ಲೈನ್ ನಡೆಯುತ್ತವೆ, ಫೆಟ್‌ನಲ್ಲಿ ಹಲವು ಕನ್ನಡದಲ್ಲೇ ಇವೆ. ನೆಟ್ ಬೇಕಾದ ಕೆಲಸವನ್ನು ಪ್ರೊಜೆಕ್ಟರಿನ ಒಂದು ಯಂತ್ರದಲ್ಲಿ ಎಲ್ಲರೂ ಸೇರಿ ಮಾಡಿ. ನಿಮ್ಮ ಸ್ವಂತ ಫೋನಿನ ಪರದೆ ತೋರಿಸುವುದಾದರೆ ನೋಟಿಫಿಕೇಶನ್ ಬಂದ್ ಮಾಡಿ.

ಹಂಚಿಕೆಯ ಯಂತ್ರದಲ್ಲಿ ಬ್ರೌಸರನ್ನು ಸದಾ ಗೆಸ್ಟ್ ವಿಂಡೋದಲ್ಲಿ (ಮುಚ್ಚಿದೊಡನೆ ಲಾಗಿನ್ ಅಳಿಸಿಹಾಕುವಂಥದ್ದು) ತೆರೆಯುವ ಅಭ್ಯಾಸ ಮಾಡಿಸಿ, ಪಾಸ್‌ವರ್ಡ್ ಉಳಿಸಬೇಕೇ ಎಂದು ಕೇಳುವ ಆಯ್ಕೆಯನ್ನು ಸೆಟ್ಟಿಂಗಿನಲ್ಲೇ ತೆಗೆದುಹಾಕಿ. ಮಕ್ಕಳು ವಿಂಡೋ ಮುಚ್ಚಿದರೆ ಲಾಗ್‌ಔಟ್ ಆಯಿತು ಅಂದುಕೊಳ್ಳುತ್ತಾರೆ. ಸಾಮಾನ್ಯ ವಿಂಡೋದಲ್ಲಿ ಹಾಗಾಗುವುದಿಲ್ಲ, ಮುಂದಿನ ಪಿರಿಯಡ್‌ನವರು ತೆರೆದಾಗ ಹಿಂದಿನವರ ಮೇಲ್ ಹಾಗೇ ಇರುತ್ತದೆ. ಒಂದು ಡಮ್ಮಿ ಖಾತೆಯಲ್ಲಿ ಇದನ್ನು ಮಾಡಿ ತೋರಿಸಿ.

ಕನ್ನಡದಲ್ಲಿ ಹುಡುಕುವಾಗ ಒಂದು ತೊಡಕು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಮಾಡಿದ್ದು ಬ್ರೌಸರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬ್ರೌಸರ್ ಓದಬಲ್ಲ ಯೂನಿಕೋಡ್ ವಿಧಾನಕ್ಕೆ ಬದಲಿಸಿಕೊಂಡರೆ ಮಾತ್ರ ಹುಡುಕಾಟ ನಡೆಯುತ್ತದೆ. ಏಳೂ ಯಂತ್ರಗಳಲ್ಲಿ ಹಿಂದಿನ ದಿನವೇ ಪರೀಕ್ಷಿಸಿ.

ಸಮಾಜ ವಿಜ್ಞಾನ ಮೇಡಂ:

ಫಾರ್ವರ್ಡ್ ಪರೀಕ್ಷೆಗೆ 12ರಲ್ಲಿ ಕನಿಷ್ಠ 4 ಪಿರಿಯಡ್ ಕೊಡಿ ಸರ್. ಮುಗಿದುಹೋದ, ಸತ್ಯ ಏನೆಂದು ಗೊತ್ತಾಗಿರುವ ಪ್ರಕರಣಗಳನ್ನೇ ಆರಿಸಿ. ಈ ವಾರ ಊರಿನಲ್ಲಿ ಓಡಾಡುತ್ತಿರುವ ಸುದ್ದಿ ತಂದರೆ ತರಗತಿ ಎರಡು ಪಕ್ಷವಾಗುತ್ತದೆ, ಕಲಿಕೆ ನಿಲ್ಲುತ್ತದೆ.

ಮೊದಲಿಗೆ ಹಗುರವಾದದ್ದು: 2016ರಲ್ಲಿ 2000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇದೆ ಎಂದು ಹರಡಿದ ಸುದ್ದಿ. ಬ್ಯಾಟರಿಯಿಲ್ಲದ ಕಾಗದ ಭೂಮಿಯೊಳಗಿಂದ ಉಪಗ್ರಹಕ್ಕೆ ಸಂಕೇತ ಕಳಿಸಬಲ್ಲದೇ ಎಂದು ಕೇಳಿದರೆ ವಿಜ್ಞಾನದ ಪಾಠದಿಂದಲೇ ಉತ್ತರ ಬರುತ್ತದೆ.

ಆಮೇಲೆ 2018ರ ಮಕ್ಕಳ ಕಳ್ಳರ ವದಂತಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ದೇಶವೆಲ್ಲ ಓಡಾಡಿತು. ಅದು ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಕರಾಚಿಯಲ್ಲಿ ಮಾಡಿದ ವಿಡಿಯೊ. ಮಗುವನ್ನು ವಾಪಸ್ ತಂದುಬಿಟ್ಟು ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿಗಳ ನಡುವೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪುಗಳು ನಿರಪರಾಧಿಗಳನ್ನು ಹೊಡೆದು ಕೊಂದವು. ಇದನ್ನು ಹೇಳುವಾಗ ಹಲ್ಲೆಯ ದೃಶ್ಯಗಳನ್ನು ಖಂಡಿತ ತೋರಿಸಬೇಡಿ. ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ವಿಡಿಯೊ ಯಾವ ಯಾವ ಕೈ ದಾಟಿರಬಹುದು, ಎಲ್ಲೆಲ್ಲಿ ಯಾರು ತಡೆಯಬಹುದಿತ್ತು ಎಂದು ಮಕ್ಕಳಿಂದಲೇ ಗುರುತು ಹಾಕಿಸಿ. ಇದಕ್ಕೆ ಒಂದೂ ಯಂತ್ರ ಬೇಡ.

ಈಗ ವಿಧಾನ. ಮೆಸೇಜಿನ ಒಳಗೇ ಕೂತು ಕಾಗುಣಿತದ ತಪ್ಪು, ದೊಡ್ಡ ಅಕ್ಷರ ಹುಡುಕುವುದನ್ನು ಕಲಿಸಬೇಡಿ, ಸುಳ್ಳನ್ನು ಈಗ ಅಚ್ಚುಕಟ್ಟಾಗಿಯೇ ಬರೆಯುತ್ತಾರೆ. ಮೆಸೇಜಿನಿಂದ ಹೊರಗೆ ಬಂದು, ಇದರ ಬಗ್ಗೆ ಬೇರೆಯವರು ಏನು ಹೇಳುತ್ತಿದ್ದಾರೆ ಎಂದು ನೋಡುವುದೇ ಮುಖ್ಯ ಕೌಶಲ. ವಾಟ್ಸಾಪ್ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು, ಅಂದರೆ ಕಳಿಸಿದ ಮಾವನಿಗೂ ಮೂಲ ಗೊತ್ತಿಲ್ಲ. ಅಂಥದ್ದನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸುವಂತೆ 2020ರಲ್ಲಿ ವಾಟ್ಸಾಪ್ ಮಿತಿ ಹಾಕಿದ್ದು ಯಾಕೆ ಎಂದು ಚರ್ಚಿಸಿ. ಫೋಟೊ ಆದರೆ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ವಿಡಿಯೊ ಆದರೆ ಆರಂಭ, ನಡು, ಕೊನೆ ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೂ ಹುಡುಕಿ. ಇಲ್ಲಿ ಮಕ್ಕಳು ಎಡವುವುದು ಹೀಗೆ: ಅದೇ ಸುಳ್ಳನ್ನು ಹಂಚಿದ ಹತ್ತು ಪುಟ ಸಿಕ್ಕರೆ "ಹತ್ತು ಕಡೆ ಇದೆ, ನಿಜ" ಅನ್ನುತ್ತಾರೆ. ಎಲ್ಲಕ್ಕಿಂತ ಹಳೆಯದು ಯಾವುದು ಎಂದು ಕೇಳಿಸಿ. ಚಿತ್ರ ಹುಡುಕುವ ಟಿನ್‌ಐ ಎಂಬ ತಾಣದಲ್ಲಿ ಹಳೆಯದನ್ನು ಮೊದಲು ತೋರಿಸುವ ಆಯ್ಕೆ ಇದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬರೀ ಸುಳ್ಳು ಮೆಸೇಜುಗಳನ್ನೇ ಕೊಡುತ್ತ ಹೋದರೆ ನಾಲ್ಕನೇ ಪಿರಿಯಡ್ ಹೊತ್ತಿಗೆ ಮಕ್ಕಳು ನೋಡದೆಯೇ "ಎಲ್ಲಾ ಸುಳ್ಳು" ಅನ್ನುತ್ತಾರೆ. ಲಸಿಕೆಯ ದಿನಾಂಕದ ಪ್ರಕಟಣೆ, ಮಳೆಯ ಮುನ್ಸೂಚನೆಯನ್ನೂ ನಂಬದ ಮಗು ಎಲ್ಲವನ್ನೂ ನಂಬುವ ಮಗುವಿನಷ್ಟೇ ಅಪಾಯದಲ್ಲಿದೆ. ಪ್ರತಿ ಸಲ 6 ಚೀಟಿ ಕೊಟ್ಟರೆ ಅದರಲ್ಲಿ 3 ನಿಜ ಇರಲಿ. ಅಂಕ ಕೊಡುವುದಾದರೆ ಉತ್ತರಕ್ಕಲ್ಲ, "ಹೇಗೆ ಗೊತ್ತಾಯಿತು" ಎಂಬ ಎರಡು ಸಾಲಿಗೆ ಕೊಡಿ.

ಕಡೇಬೆಂಚು:

ಮೇಡಂ, ಸರ್, ತುಂಬಾ ಉಪಕಾರವಾಯಿತು. ಇನ್ನೆರಡು ಕೇಳಿಬಿಡುತ್ತೇನೆ. ಪಾಸ್‌ವರ್ಡ್ ಪಾಠವನ್ನು ಬಾಯಿಪಾಠ ಆಗದಂತೆ ಮಾಡುವುದು ಹೇಗೆ? ಮತ್ತೆ, ಮಗುವೊಂದು ಬಂದು "ನನ್ನ ಫೋಟೊ ಕೆಟ್ಟದಾಗಿ ಎಡಿಟ್ ಮಾಡಿ ಹಂಚಿದ್ದಾರೆ" ಅಂದರೆ ಶಿಕ್ಷಕರು ಆ ಕ್ಷಣ ಏನು ಮಾಡಬೇಕು?

ಲ್ಯಾಬ್ ಕೀಲಿಕೈ:

ಪಾಸ್‌ವರ್ಡನ್ನು ಗಣಿತದ ಪಿರಿಯಡ್‌ಗೆ ಕೊಂಡೊಯ್ಯಿರಿ. 4 ಅಂಕಿಯ ಪಿನ್‌ಗೆ 10,000 ಸಾಧ್ಯತೆ, 6 ಅಂಕಿಗೆ 10 ಲಕ್ಷ. ಮಕ್ಕಳೇ ಗುಣಿಸಿ ಕಂಡುಕೊಳ್ಳಲಿ. ಆಮೇಲೆ ನಿಘಂಟನ್ನು ಕಣ್ಣುಮುಚ್ಚಿ ನಾಲ್ಕು ಸಲ ತೆರೆದು, ಬೆರಳಿಟ್ಟಲ್ಲಿ ಬಂದ ನಾಲ್ಕು ಪದ ಜೋಡಿಸಲಿ: ಹುಣಸೆ, ಚಕ್ರ, ಮುಗಿಲು, ಚಾಪೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಉದ್ದವೂ ಆಗುತ್ತದೆ, ನೆನಪಿಗೂ ನಿಲ್ಲುತ್ತದೆ. ಪದಗಳನ್ನು ಮಕ್ಕಳೇ ಆರಿಸಲು ಬಿಟ್ಟರೆ ನೆಚ್ಚಿನ ನಟ, ಊರು, ಹುಟ್ಟಿದ ವರ್ಷ ಬರುತ್ತವೆ. ಗಾದೆಯೂ ಬೇಡ, ಮೊದಲ ಪದ ಗೊತ್ತಾದರೆ ಉಳಿದದ್ದು ಯಾರಿಗಾದರೂ ಗೊತ್ತು. ತರಗತಿಯಲ್ಲಿ ಮಾಡಿದ್ದು ಅಭ್ಯಾಸಕ್ಕೆ ಮಾತ್ರ, ನಿಜ ಬಳಕೆಗೆ ಬೇರೆ ಮಾಡಿಕೊಳ್ಳಲಿ. ಅದೇ ಪಾಠದಲ್ಲಿ ಯುಪಿಐ ಸೇರಿಸಿ: ಹಣ ಕೊಡುವಾಗ ಮಾತ್ರ ಪಿನ್ ಬೇಕು, ಬರುವ ಹಣಕ್ಕೆ ಪಿನ್ ಒತ್ತುವಂತಿಲ್ಲ. ಈ ಒಂದು ವಾಕ್ಯ ಮಕ್ಕಳ ಬಾಯಿಂದ ಮನೆಗೆ ತಲುಪಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಸೀಮೆಸುಣ್ಣ:

ಎರಡನೆಯ ಪ್ರಶ್ನೆಗೆ. ಮಗು ಹೇಳುವುದನ್ನು ಒಂದೇ ಸಲ, ಒಬ್ಬರೇ, ಬಾಗಿಲು ಮುಚ್ಚದ ಕೋಣೆಯಲ್ಲಿ, ನಡುವೆ ತಡೆಯದೆ ಕೇಳಿ. "ನೀನ್ಯಾಕೆ ಫೋಟೊ ಹಾಕಿದೆ" ಎಂಬ ಪ್ರಶ್ನೆ ಬೇಡವೇ ಬೇಡ, ಅದನ್ನು ಕೇಳಿದ ಮೇಲೆ ಯಾವ ಮಗುವೂ ಮುಂದೆ ಮಾತಾಡುವುದಿಲ್ಲ.

ಶಿಕ್ಷಕರು ಮಾಡುವ ದೊಡ್ಡ ತಪ್ಪು ಎಂದರೆ ಸಾಕ್ಷಿಗೆಂದು ಆ ಫೋಟೊವನ್ನು ತಮ್ಮ ಫೋನಿಗೆ ತರಿಸಿಕೊಂಡು ಮುಖ್ಯ ಶಿಕ್ಷಕರಿಗೆ ಫಾರ್ವರ್ಡ್ ಮಾಡುವುದು. ನಗ್ನ ಅಥವಾ ಲೈಂಗಿಕ ಚಿತ್ರವಾಗಿದ್ದರೆ ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಮಕ್ಕಳ ಅಂಥ ಚಿತ್ರ ಕಳಿಸುವುದೇ ಅಪರಾಧ. ಸ್ಕ್ರೀನ್‌ಶಾಟ್ ಕೂಡ ಬೇಡ. ಕಾಗದದ ಮೇಲೆ ಬರೆದುಕೊಳ್ಳಿ: ಯಾವ ಆ್ಯಪ್, ಯಾವ ಖಾತೆಯ ಹೆಸರು ಅಥವಾ ನಂಬರ್, ದಿನಾಂಕ, ಸಮಯ. ಮಗುವಿನ ಫೋನಿನಲ್ಲಿರುವ ಮೆಸೇಜನ್ನು ಅಳಿಸಲು ಹೇಳಬೇಡಿ, ಪೊಲೀಸರಿಗೆ ಅದೇ ಬೇಕು.

ಆಮೇಲೆ ಪೋಷಕರು, ಮುಖ್ಯ ಶಿಕ್ಷಕರು, ಪೊಲೀಸ್. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧದ ಮಾಹಿತಿ ಬಂದವರು ಪೊಲೀಸರಿಗೆ ಅಥವಾ ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು, ಮುಚ್ಚಿಡುವುದಕ್ಕೆ 21ನೇ ಕಲಂನಲ್ಲಿ ಶಿಕ್ಷೆ ಇದೆ. "ಶಾಲೆಯ ಹೆಸರು ಕೆಡುತ್ತದೆ, ನಾವೇ ಮಾತಾಡಿ ಮುಗಿಸೋಣ" ಅನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಚಿತ್ರದ ಗುರುತಿನ ಸಂಕೇತವನ್ನು ಮಾತ್ರ ಪಡೆದು ಹಲವು ತಾಣಗಳಲ್ಲಿ ಅದನ್ನು ತೆಗೆಸುತ್ತದೆ, ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ.

ಈ ಪಾಠ ಮಾಡುವ ಮೊದಲು ಇವಿಷ್ಟೂ ನಿಮ್ಮ ಬಳಿ ಬರೆದಿಟ್ಟಿರಲಿ. ಪಾಠ ಚೆನ್ನಾಗಿ ನಡೆದರೆ ಅದೇ ಸಂಜೆ ಯಾವುದಾದರೂ ಮಗು ಬಂದು ಬಾಗಿಲಲ್ಲಿ ನಿಲ್ಲಬಹುದು.

ಕಡೇಬೆಂಚು:

ಬರೆದಿಟ್ಟುಕೊಂಡೆ ಸರ್. ಫೋಟೊ ಒಪ್ಪಿಗೆಗೆ ಪತ್ರದ ಒಕ್ಕಣೆ ಯಾರ ಬಳಿಯಾದರೂ ಇದ್ದರೆ ಹಾಕಿ.

ಸಮಾಜ ವಿಜ್ಞಾನ ಮೇಡಂ:

ಅರ್ಧ ಪುಟ ಸಾಕು, ಓದಲು ಬಾರದ ಪೋಷಕರಿಗೆ ಓದಿ ಹೇಳುವ ಹಾಗಿರಲಿ.

"ನಮ್ಮ ಮಗುವಿನ ಫೋಟೊವನ್ನು (1) ಶಾಲೆಯ ಗೋಡೆಯ ಮೇಲೆ ಹಾಕಬಹುದು: ಹೌದು / ಬೇಡ. (2) ಪೋಷಕರ ಗುಂಪಿಗೆ ಕಳಿಸಬಹುದು: ಹೌದು / ಬೇಡ. (3) ಎಲ್ಲರೂ ನೋಡುವ ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಹೆಸರಿಲ್ಲದೆ ಹಾಕಬಹುದು: ಹೌದು / ಬೇಡ. ಬೇಡ ಎಂದರೆ ಮಗುವಿಗೆ ಯಾವ ಕಾರ್ಯಕ್ರಮದಲ್ಲೂ ಅವಕಾಶ ತಪ್ಪುವುದಿಲ್ಲ. ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು."

ಕೆಳಗೆ ಪೋಷಕರ ಸಹಿ ಅಥವಾ ಹೆಬ್ಬೆಟ್ಟು, ಪಕ್ಕದಲ್ಲಿ ಮಗುವಿನ ಸಹಿ. ಪೋಷಕರು ಹೌದು, ಮಗು ಬೇಡ ಎಂದಿದ್ದರೆ ಮಗುವಿನ ಮಾತು ನಡೆಯಲಿ. "ಬೇಡ" ಬಂದ ಮಕ್ಕಳ ಪಟ್ಟಿಯನ್ನು ಕಾರ್ಯಕ್ರಮದ ದಿನ ಕ್ಯಾಮೆರಾ ಹಿಡಿಯುವವರ ಕೈಗೆ ಕೊಡಿ, ಇಲ್ಲದಿದ್ದರೆ ಪತ್ರಗಳು ಬೀರುವಿನಲ್ಲೇ ಉಳಿಯುತ್ತವೆ.