ಡಿವಿಡಿ ರೈಟ್ ಮಾಡೂ ಸಾಫ್ಟ್‌ವೇರ್ ಹಾಕೂದು ಹೆಂಗ್ರಿ? ಪಾರಿಜಾತದ ರೆಕಾರ್ಡಿಂಗ್ ಹಿರಿಯರಿಗೆ ಕೊಡಬೇಕಾಗೇತಿ

ಮುಧೋಳ_ಕಡೆಯಾಂವ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮೂರಾಗ ಶ್ರೀಕೃಷ್ಣ ಪಾರಿಜಾತ ಆಡಿಸಿದ್ವಿ, ರಾತ್ರಿ ಶುರುವಾಗಿದ್ದು ಬೆಳಗಾಗೂತನಕ ನಡೀತು, ಪೂರಾ ರೆಕಾರ್ಡ್ ಮಾಡೇವಿ, ಮೊಬೈಲ್‌ನ್ಯಾಗ ವಿಡಿಯೋ ಐತಿ, ಮೈಕ್ ಸೆಟ್‌ನವರು ಎಂಪಿ3 ಬ್ಯಾರೆ ಕೊಟ್ಟಾರ. ಇದನ್ನ ಭಾಗವತರಿಗೆ, ಹಿಮ್ಮೇಳದ ಹಿರಿಯರಿಗೆ ಒಂದೊಂದು ಕೊಡಬೇಕಂತ ಭಾಳ ಆಸೆ ಐತ್ರಿ. ಅವರ ಮನ್ಯಾಗ ನೆಟ್ ಇಲ್ಲ, ಹಳೇ ಡಿವಿಡಿ ಪ್ಲೇಯರ್ ಐತಿ, ಅದಕ್ಕ ಪೆನ್‌ಡ್ರೈವ್ ಹಾಕೂ ಜಾಗಾನೂ ಇಲ್ಲ. ಯುಎಸ್‌ಬಿ ರೈಟರ್ ತಂದೇನಿ. ಆದ್ರ ಸಾಫ್ಟ್‌ವೇರ್ ಒಂದು ಇಳಿಸಿದ್ರ ಅದರ ಸಂಗಾಟ ಫೋಟೋ ಆಲ್ಬಮ್, ವಿಡಿಯೋ ಎಡಿಟರ್, ಬ್ಯಾಕಪ್ ಅಂತ ಒಂದು ದಂಡ ಬರಾಕತ್ತೈತಿ, ನಂದು 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪು, ಸಿ ಡ್ರೈವ್‌ನ್ಯಾಗ ಜಾಗಾನೂ ಕಡಿಮಿ. ಬರೇ ರೈಟ್ ಮಾಡೂದಷ್ಟ ಹಾಕ್ಕೊಳ್ಳಾಕ ಬರ್ತೈತೇನ್ರಿ? ಇನ್ನೊಂದು, ವಿಂಡೋಸ್‌ನ್ಯಾಗ ಇದ್ದದ್ದರಿಂದನ ಒಂದು ಡಿಸ್ಕ್ ಮಾಡಿ ನೋಡಿದ್ರ ಲ್ಯಾಪ್‌ಟಾಪ್‌ನ್ಯಾಗ ಓಡತೈತಿ, ಪ್ಲೇಯರ್‌ನ್ಯಾಗ ನೋ ಡಿಸ್ಕ್ ಅಂತೈತಿ.

ಗೋಕಾಕ_ಕರದಂಟು

ಬರ್ತೈತ್ರಿ ಅಣ್ಣಾ. ಇನ್‌ಸ್ಟಾಲ್ ಮಾಡೂ ಮುಂದ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಕೊಂತ ಹೋಗಬ್ಯಾಡ್ರಿ, ಕಸ್ಟಮ್ ಅಂತ ಇರತೈತಿ ಅದನ್ನ ಒತ್ರಿ, ಬರೂ ಪಟ್ಟಿಯೊಳಗ ರೈಟ್ ಮಾಡೂ ಭಾಗ ಒಂದ ಬಿಟ್ಟು ಉಳಿದದ್ದರ ಟಿಕ್ ತಗೀರಿ. ನೀರೋ ಅನ್ನೂ ರೊಕ್ಕದ ಸಾಫ್ಟ್‌ವೇರ್ ತಗೊಳ್ಳಾವ್ರಿದ್ರ ಪೂರಾ ಸೂಟ್ ಬ್ಯಾಡ, ಅದರ ರೈಟ್ ಮಾಡೂ ಭಾಗ ಬರ್ನಿಂಗ್ ರಾಮ್ ಬ್ಯಾರೆನ ಸಿಗತೈತಿ. ಆದ್ರ ನಿಮ್ಮ ಕೆಲಸಕ್ಕ ರೊಕ್ಕಾ ಯಾಕ ಕೊಡತೀರಿ, ಪುಕಟ್ ಸಿಗೂ ಸಿಡಿಬರ್ನರ್‌ಎಕ್ಸ್‌ಪಿ ಇಲ್ಲಾ ಇಮ್ಗ್‌ಬರ್ನ್ ಸಾಕು. ಇಮ್ಗ್‌ಬರ್ನ್ 2.5.8 ಬಂದದ್ದು 2013ರಾಗ, ಆಮ್ಯಾಲೆ ಹೊಸಾದು ಬಂದಿಲ್ಲ, ಆದ್ರೂ ಈಗಿನ ವಿಂಡೋಸ್‌ನ್ಯಾಗ ಛಲೋ ನಡೀತೈತಿ. ಅದರ ಇನ್‌ಸ್ಟಾಲರ್‌ದಾಗ ಓಪನ್‌ಕ್ಯಾಂಡಿ ಅನ್ನೂ ಜಾಹೀರಾತು ಸಾಮಾನು ಸೇರಿಸಿದ್ರು, ಅದಕ್ಕ ಒಂದೊಂದ ಪುಟ ಓದಿ, ಬ್ಯಾರೆ ಏನರ ಹಾಕ್ಲ್ಯಾ ಅಂತ ಕೇಳಿದ್ರ ಬ್ಯಾಡ ಅನ್ರಿ.

ಹಾಕಿದ ಮ್ಯಾಲ ಮೊದಲ ಸೆಟ್ಟಿಂಗ್ಸ್‌ಗೆ ಹೋಗ್ರಿ. ಟೆಂಪ್ ಫೋಲ್ಡರ್ ಇಲ್ಲಾ ಕ್ಯಾಶ್ ಅಂತ ಇರೂದನ್ನ ಡಿ ಡ್ರೈವ್‌ಗೆ ಬದಲಿ ಮಾಡ್ರಿ, ಯಾಕಂದ್ರ ಒಂದು ಡಿವಿಡಿ ಇಮೇಜ್‌ಗೆನ (ಪೂರಾ ಡಿಸ್ಕಿನ ನಕಲು ಫೈಲ್) ನಾಕೂವರಿ ಜಿಬಿ ಬೇಕಾಕ್ಕೈತಿ. ಬರದದ್ದು ಸರಿ ಐತೋ ಇಲ್ಲೋ ಅಂತ ತಪಾಸ ಮಾಡೂ ವೆರಿಫೈ ಆನ್ ಇಡ್ರಿ. ವಿಂಡೋಸ್ ಶುರುವಾದಾಗ ತಾನ ಓಪನ್ ಆಗೂದನ್ನ ಬಂದ್ ಮಾಡ್ರಿ.

ಗುಮ್ಮಟದ_ನೆರಳು (ವಿಜಯಪುರ)

ನೋ ಡಿಸ್ಕ್ ಯಾಕ ಬರ್ಲಿಕತ್ತದ ಅಂದ್ರ, ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಕೇಳತದಲ್ರಿ, ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಗತೆ ಬೇಕೋ ಸಿಡಿ ಡಿವಿಡಿ ಪ್ಲೇಯರ್‌ಗೆ ಬೇಕೋ ಅಂತ. ಮೊದಲನೇದ್ರಾಗ ಮಾಡಿದ್ದು ಕಂಪ್ಯೂಟರ್‌ನ್ಯಾಗ ಮಾತ್ರ ಓದಸ್ತದ, ಹಳೇ ಪ್ಲೇಯರ್‌ಗೆ ಗೊತ್ತೇ ಆಗೂದಿಲ್ಲ. ಎರಡನೇದು ಆರಿಸ್ಕೋಬೇಕು, ಸಾಫ್ಟ್‌ವೇರ್‌ನಾಗ ಮಾಡಿದ್ರ ಫೈನಲೈಜ್ (ಡಿಸ್ಕ್ ಮುಚ್ಚಿ ಮುಗಿಸೂದು) ಟಿಕ್ ಮಾಡಬೇಕು.

ಅಷ್ಟಕ್ಕೇ ಮುಗೀಲಿಲ್ಲ ನೋಡ್ರಿ. ಮೊಬೈಲ್‌ನ ಎಂಪಿ4 ಫೈಲ್ ಹಂಗೇ ಡಾಟಾ ಡಿಸ್ಕ್ ಮಾಡಿ ಕೊಟ್ರ ಹಳೇ ಪ್ಲೇಯರ್ ಆಡ್ಸೂದಿಲ್ಲ. ಅದಕ್ಕ ಡಿವಿಡಿ ವಿಡಿಯೋ ಆಗಬೇಕು, ಅಂದ್ರ ಎಂಪೆಗ್-2 ಅನ್ನೂ ನಮೂನಿ ವಿಡಿಯೋ, ನಮ್ಮ ದೇಶದ ಪಾಲ್ ಟಿವಿ ಪದ್ಧತಿ ಪ್ರಕಾರ 720×576, ಸೆಕೆಂಡಿಗೆ 25 ಫ್ರೇಮ್. ಇಮ್ಗ್‌ಬರ್ನ್ ಈ ಪರಿವರ್ತನೆ ಮಾಡೂದಿಲ್ಲ, ಡಿವಿಡಿ ವಿಡಿಯೋ ಫೈಲ್ ಇರೂ ತಯಾರಾದ ವಿಡಿಯೋ_ಟಿಎಸ್ ಫೋಲ್ಡರ್ ಕೊಟ್ರ ಬರೀತದ ಅಷ್ಟೇ. ಡಿವಿಡಿಸ್ಟೈಲರ್ ಅಂತ ಪುಕಟ್ಟೆ ಸಿಗತದ, ಅದ್ರಾಗ ಮಾಡಿ ಆಮ್ಯಾಲೆ ರೈಟ್ ಮಾಡ್ರಿ. ಒಂದು 4.7 ಜಿಬಿ ಡಿವಿಡಿಗೆ ಎರಡು ತಾಸಿನ ವಿಡಿಯೋ ಹಾಕಿದ್ರ ಚಿತ್ರ ಛಲೋ ಬರ್ತದ, ಇಡೀ ರಾತ್ರಿ ಆಟ ಒಂದ್ರಾಗೇ ತುರುಕಿದ್ರ ಸತ್ಯಭಾಮೆ ಮುಖಾನೇ ಕಾಣೂದಿಲ್ಲ, ಹಂಗ ಮಾಡಬ್ಯಾಡ್ರಿ, ಮೂರು ನಾಕು ಡಿಸ್ಕ್ ಆದ್ರೂ ಆಗ್ಲಿ.

ಇಳಕಲ್_ದಡಿ

ಆಡಿಯೋ ಬಗ್ಗೆ ನಾ ಹೇಳ್ತೀನ್ರಿ. ಆಡಿಯೋ ಸಿಡಿ ಅಂದ್ರ 80 ನಿಮಿಷ ಅಷ್ಟ. ಅದ ಎಂಪಿ3ನ್ನ 128 ಕೆಬಿಪಿಎಸ್‌ನ್ಯಾಗ ಡಾಟಾ ಸಿಡಿ ಮಾಡಿದ್ರ 700 ಎಂಬಿಗೆ ಹತ್ತಿರ ಹತ್ತಿರ 12 ತಾಸು ಹಿಡೀತೈತಿ, ಇಡೀ ಪಾರಿಜಾತ ಒಂದ ಸಿಡಿಯಾಗ ಕುಂದ್ರತೈತಿ. ಡಿವಿಡಿ ಪ್ಲೇಯರ್ ಭಾಳಷ್ಟು ಎಂಪಿ3 ಆಡಸ್ತಾವು. ಎಂಪಿ3 ಓದದ ಹಳೇ ಸಿಡಿ ಡೆಕ್ ಇದ್ದಾವರಿಗೆ ಮಾತ್ರ ಆಡಿಯೋ ಸಿಡಿ ಮಾಡ್ರಿ, ಅದ್ರಾಗ ಹಾಡಿಗೂ ಹಾಡಿಗೂ ನಡುವ ಎರಡು ಸೆಕೆಂಡ್ ಖಾಲಿ ಬಿಡೂ ಸೆಟ್ಟಿಂಗ್ ಇರತೈತಿ, ಅದನ್ನ ಸೊನ್ನೆ ಮಾಡಿ ಡಿಸ್ಕ್-ಅಟ್-ಒನ್ಸ್ (ಪೂರಾ ಡಿಸ್ಕ್ ನಿಲ್ಲದ ಒಂದ ಸಲಕ್ಕ ಬರಿಯೂದು) ಇಡ್ರಿ, ಇಲ್ಲಾಂದ್ರ ತಾಳ ನಡುವ ಕಡದ್ಹಂಗ ಕೇಳಸ್ತೈತಿ.

ಫೈಲ್ ಹೆಸರು ಕನ್ನಡದಾಗ ಇಟ್ಟೀರೇನು? ಡಿಸ್ಕ್ ಮ್ಯಾಲ ಬ್ಯಾರೆ ಲಿಪಿ ಹೆಸರು ಬರಿಯೂ ಜೋಲಿಯೆಟ್ ಪದ್ಧತಿ ಆನ್ ಇದ್ರ ಕಂಪ್ಯೂಟರ್‌ನ್ಯಾಗ ಕನ್ನಡ ಕಾಣಸ್ತೈತಿ, ಆದ್ರ ಅದಕ್ಕ 64 ಅಕ್ಷರದ ಮಿತಿ, ಮತ್ತ ಶ್ರೀ ಅನ್ನೂದು ನಮಗ ಒಂದ ಅಕ್ಷರ ಆದ್ರ ಅಲ್ಲಿ ನಾಕು ಅಂತ ಎಣಸ್ತೈತಿ, ಹೆಸರು ಲಗೂನ ತುಂಬಿ ಬಾಲ ಕತ್ತರಿಸಿ ಹೊಕ್ಕೈತಿ. ಪ್ಲೇಯರ್ ಪರದೆ ಮ್ಯಾಲಂತೂ ಬರೇ ಚೌಕ ಬರ್ತಾವು. ಹಿರಿಯರಿಗೆ ಕೊಡೂದಕ್ಕ ಇಂಗ್ಲಿಷ್ ಅಕ್ಷರದಾಗ ಸಣ್ಣ ಹೆಸರು, ಮುಂದ 01, 02 ಅಂತ ನಂಬರ್ ಇಡ್ರಿ. ಕನ್ನಡ ಹೆಸರು, ಯಾರು ಯಾವ ಪಾತ್ರ, ಯಾರು ಹಾರ್ಮೋನಿಯಂ ಅಂತ ಕವರ್ ಮ್ಯಾಲ ಚಂದಂಗ ಛಾಪಿಸಿ ಕೊಡ್ರಿ. ಅವರ ಹೆಸರು ಬಿಡಬ್ಯಾಡ್ರಿ.

ಮುಧೋಳ_ಕಡೆಯಾಂವ

ಭಾಳ ಉಪಕಾರ ಆತ್ರಿ ಎಲ್ಲಾರದೂ, ಕವರ್ ವಿಚಾರ ಅಂತೂ ತಲ್ಯಾಗ ಇರ್ಲಿಲ್ಲ, ಖರೇನ ಮಾಡ್ತೀನಿ. ಸ್ಪೀಡ್ ಎಷ್ಟು ಇಡ್ಲಿ? ಅಂಗಡ್ಯಾಗ ಎಲ್ಲಾಕಿಂತ ಕಡಿಮಿ ಇಡು ಅಂದ್ರು. ಮತ್ತ ಖಾಲಿ ಡಿಸ್ಕ್ ಮೈನಸ್ ಆರ್ (DVD-R) ತರ್ಲ್ಯೋ ಪ್ಲಸ್ ಆರೋ (DVD+R)?

ಗುಮ್ಮಟದ_ನೆರಳು (ವಿಜಯಪುರ)

ಹಳೇ ಪ್ಲೇಯರ್‌ಗೆ ಮೈನಸ್ ಆರ್ ತರ್ರಿ, ಅಳಿಸಿ ಮತ್ತ ಬರಿಯೂ ಆರ್‌ಡಬ್ಲ್ಯೂ ಬ್ಯಾಡ. ಸ್ಪೀಡ್ ಎಲ್ಲಾಕಿಂತ ಕಡಿಮಿ ಅನ್ನೂದನ್ನ ನಾ ಒಪ್ಪೂದಿಲ್ಲ, 16ಎಕ್ಸ್ ಅಂತ ಬರದ ಡಿಸ್ಕ್ ಆ ವೇಗಕ್ಕೇ ತಯಾರಾಗಿರತದ, 8ಎಕ್ಸ್ ಇಡ್ರಿ ಸಾಕು. ರೈಟರ್ ವೈರ್ ಹಬ್‌ಗೆ ಹಾಕದ ಸೀದಾ ಲ್ಯಾಪ್‌ಟಾಪ್‌ಗೆ ಹಾಕ್ರಿ, ಕರೆಂಟ್ ಸಾಲದಿದ್ರ ನಡುವೇ ನಿಂತು ಡಿಸ್ಕ್ ಹಾಳಾಗತದ. ಮೊದಲ ಒಂದೇ ಮಾಡಿ ಭಾಗವತರ ಮನಿ ಪ್ಲೇಯರ್‌ನಾಗೇ ಆಡಿಸಿ ನೋಡ್ರಿ, ಉಳದಾವು ಆಮ್ಯಾಲೆ. ನಮ್ಮ ಕಡೆ ಬ್ಯಾಸಗಿ ಬಿಸಲಿಗೆ ಡಿಸ್ಕ್ ಗಾಡಿಯೊಳಗ ಬಿಟ್ರ ಅದರ ಬಣ್ಣದ ಪದರು ಕೆಡತದ, ಹೇಳಿ ಕೊಡ್ರಿ. ಮೂಲ ಫೈಲ್ ಮಾತ್ರ ಹಾರ್ಡ್ ಡಿಸ್ಕ್‌ನಾಗ ಎರಡು ಕಡೆ ಇಟ್ಕೋರಿ.