ಎಂಜಿನ್ನಿನ ‘ಬ್ರೀದರ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ನನ್ನ ಸೋದರಮಾವನವರ ಬಳಿ 1967ರ ಎಂಜಿಬಿ ಕಾರಿದೆ. ಅದರ ರಿಪೇರಿ ಕೈಪಿಡಿಯ ಕೆಲವು ಭಾಗಗಳನ್ನು ಕನ್ನಡದಲ್ಲಿ ಬರೆದುಕೊಡೆಂದು ಅವರು ಕೇಳಿದ್ದರು. ಬರೆಯುತ್ತಾ ಹೋದವನು ‘ಬ್ರೀದರ್’ ಎಂಬ ಮಾತಿನ ಬಳಿ ಎಡವಿದೆ. ಎಂಜಿನ್ನಿನೊಳಗಿನ ಆವಿ ಹೊರಹೋಗಲು, ಹೊಸ ಗಾಳಿ ಒಳಬರಲು ಇರುವ ದಾರಿಯೇ ಬ್ರೀದರ್. ಎಡವಿದ್ದು ನಾನು, ಪೆಟ್ಟು ಬಿದ್ದದ್ದು ಕಾರಿಗೆ. ಅದಕ್ಕಾಗಿಯೇ ಈ ಪತ್ರ.

ಎಂಜಿನ್ನಿನ ಎಣ್ಣೆ ತುಂಬುವ ಮುಚ್ಚಳಕ್ಕೆ ನಾನು ‘ಹೊಗೆ ಹೊರಬಿಡುವ ಮುಚ್ಚಳ’ ಎಂದು ಬರೆದಿದ್ದೆ. ಬಾನೆಟ್ ಎತ್ತಿದಾಗಲೆಲ್ಲ ಮೂಗಿಗೆ ಬಡಿಯುತ್ತಿದ್ದ ಎಣ್ಣೆಯ ವಾಸನೆ ಅಲ್ಲಿಂದಲೇ ಬರುತ್ತಿರಬೇಕು ಎಂದುಕೊಂಡ ಮಾವ, ತೂತೇ ಇಲ್ಲದ ಮುಚ್ಚಳವೊಂದನ್ನು ತಂದು ಹಾಕಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಅದರ ಒಳಮೈಗೆ ಬೆಣ್ಣೆ ಮೆತ್ತಿದಂತೆ ಹಳದಿ ಜಿಡ್ಡು ಕೂತಿತ್ತು. ಎಣ್ಣೆಯೂ ನೀರೂ ಕಲೆತಾಗ ಆಗುವ ಜಿಡ್ಡು ಅದು. ಆ ಮಾದರಿಯ ಕಾರಿನಲ್ಲಿ ಮುಚ್ಚಳದ ಕೆಲಸ ಹೊಗೆ ಬಿಡುವುದಲ್ಲ, ಹೊಸ ಗಾಳಿಯನ್ನು ಸೋಸಿ ಒಳಕ್ಕೆ ತೆಗೆದುಕೊಳ್ಳುವುದು. ನನ್ನ ಪದ ದಿಕ್ಕನ್ನೇ ತಿರುಗಿಸಿ ಹೇಳಿತ್ತು.

ವಿಷಯ ಇಷ್ಟು. ಪಿಸ್ಟನ್ನಿನ ಸುತ್ತ ಸಂದಿ ಮುಚ್ಚುವ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲ ಸ್ವಲ್ಪ ಕೆಳಗಿನ ಎಣ್ಣೆಯ ಭಾಗಕ್ಕೆ ನುಸುಳುತ್ತದೆ. ಅದರ ಜೊತೆಗೆ ನೀರಾವಿ, ಉರಿಯದ ಪೆಟ್ರೋಲಿನ ಆವಿಯೂ ಇಳಿಯುತ್ತವೆ. ಹೊರಹೋಗಲು ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಏರಿ, ಪ್ಯಾಕಿಂಗ್ ಎಲ್ಲಿ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ಹೊರದೂಡುತ್ತದೆ. ಈ ಹಳೆಯ ಬ್ರಿಟಿಷ್ ಕಾರುಗಳು ಎಣ್ಣೆ ಸೋರಿಸುತ್ತವೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಕಟ್ಟಿಕೊಂಡ ಈ ದಾರಿಯೇ.

1962ರಲ್ಲಿ ಎಂಜಿಬಿ ಬಂದಾಗ ಎಂಜಿನ್ನಿನ ಪಕ್ಕದ ಮುಚ್ಚಳದಿಂದ ಒಂದು ಕೊಳವೆ ನೆಲದತ್ತ ಇಳಿದಿತ್ತು. ಆವಿ ರಸ್ತೆಯ ಗಾಳಿಗೆ ಹೋಗುತ್ತಿತ್ತು. 1964ರಿಂದ ಕೆಲವು ವರ್ಷ ಅದೇ ಜಾಗದ ಕೊಳವೆಯನ್ನು ಮೇಲಿನ ಒಂದು ವಾಲ್ವಿಗೆ ಜೋಡಿಸಿದರು. ಎಂಜಿನ್ ತಾನು ಗಾಳಿ ಹೀರುವ ಬಲದಿಂದಲೇ ಆವಿಯನ್ನೂ ಎಳೆದು ಸುಡುತ್ತದೆ. ಅದು ಎಳೆದಷ್ಟಕ್ಕೆ ಬದಲಾಗಿ ಹೊಸ ಗಾಳಿ ಎಣ್ಣೆಯ ಮುಚ್ಚಳದಿಂದ ಬರಬೇಕು. ಆಮೇಲಿನ ಕಾರುಗಳಲ್ಲಿ ವಾಲ್ವ್ ಹೋಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬ್ಯುರೇಟರುಗಳೇ ಆವಿಯನ್ನು ಎಳೆಯತೊಡಗಿದವು. ಇಂಗ್ಲಿಷಿನಲ್ಲಿ ಮೂರಕ್ಕೂ ಬ್ರೀದರ್ ಎಂಬ ಹೆಸರೇ ಸಾಗುತ್ತದೆ.

ಮಾವನವರ ಕಾರಿನದು ಎರಡನೆಯ ಬಗೆ. ವಾಲ್ವ್ ಸರಿಯಾಗಿ ಎಳೆಯುತ್ತಿದ್ದರೆ, ಎಂಜಿನ್ ಕಾದು ಓಡುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದೊಡನೆ ಎಂಜಿನ್ನಿನ ವೇಗ ತುಸು ಏರಬೇಕು. ಇವರದರಲ್ಲಿ ಏನೂ ಬದಲಾಗಲಿಲ್ಲ. ಪಕ್ಕದ ಮುಚ್ಚಳವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದರು. ಒಳಗಿನ ತಂತಿ ಜಾಲರಿಯಿಂದ ಸೌದೆ ಒಲೆಯ ಕರಿಯಂತಹ ಕಪ್ಪು ಹೆಂಟೆಗಳು ಇಳಿದವು. ವಾಲ್ವಿನ ರಬ್ಬರ್ ಪೊರೆಯೂ ಹರಿದಿತ್ತು. ಅದನ್ನು ಬದಲಾಯಿಸಿ, ಗಾಳಿ ಸೋಸುವ ಮುಚ್ಚಳವನ್ನೇ ಮತ್ತೆ ಹಾಕಿದ ಮೇಲೆ ಎಂಜಿನ್ ಸರಿಹೋಯಿತು.

ಇನ್ನು ಪದಗಳ ಮಾತು. ‘ವಾತಾಯನ’ ಪಠ್ಯಪುಸ್ತಕಗಳಲ್ಲಿದೆ, ಆದರೆ ಸಂಸ್ಕೃತದಲ್ಲಿ ಅದು ಕಿಟಕಿ. ಮನೆಗೆ ಒಪ್ಪುವ ಆ ಪದ ಎಣ್ಣೆ ಮೆತ್ತಿದ ಕೊಳವೆಗೆ ಒಪ್ಪುವುದಿಲ್ಲ. ‘ಗಾಳಿಕಿಂಡಿ’ ಚೆಲುವಾದ ಪದ. ಆದರೆ ಕಿಂಡಿ ಸುಮ್ಮನೆ ತೆರೆದಿರುವಂಥದು, ಎಳೆಯುವಂಥದಲ್ಲ. ನನ್ನ ಮನಸ್ಸು ‘ಉಸಿರುಕೊಳವೆ’ಯ ಕಡೆಗಿದೆ. ಉಸಿರು ಎಂದರೆ ಒಳಗೂ ಹೊರಗೂ ಎರಡೂ ಆಯಿತು. ಮಾವನವರಿಗೆ ‘ಉಸಿರುಮುಚ್ಚಳ’ ಎಂದು ಬರೆದುಕೊಟ್ಟಿದ್ದರೆ ಅದನ್ನು ಮುಚ್ಚುವ ಯೋಚನೆಯೇ ಅವರಿಗೆ ಬರುತ್ತಿರಲಿಲ್ಲ. ಇನ್ನೊಂದು ಆಸರೆಯೂ ಇದೆ: ಆ ವಾಲ್ವಿನ ರಬ್ಬರ್ ಪೊರೆಗೆ ಇಂಗ್ಲಿಷಿನಲ್ಲಿ ‘ಡಯಾಫ್ರಮ್’ ಎಂದು ಹೆಸರು, ನಮ್ಮ ಎದೆಗೂಡಿನ ಕೆಳಗಿರುವ ಉಸಿರಾಟದ ಸ್ನಾಯುವಿಗೂ ಅದೇ ಹೆಸರು. ಕನ್ನಡದ ಜೀವಶಾಸ್ತ್ರ ಅದನ್ನು ‘ವಪೆ’ ಎನ್ನುತ್ತದೆ. ಉಸಿರುಕೊಳವೆ, ಉಸಿರುಮುಚ್ಚಳ, ವಪೆ ಮೂರೂ ಒಂದೇ ಮನೆಯ ಮಕ್ಕಳಂತೆ ನಿಲ್ಲುತ್ತವೆ.

ತೊಡಕಾಗಿರುವುದು ರಿಂಗಿನ ಸಂದಿಯಲ್ಲಿ ನುಸುಳುವ ಅನಿಲದ ಹೆಸರು. ನಮ್ಮ ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ ಇದಕ್ಕೆ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ರಿಂಗು ಸವೆದಿದೆ ಎಂದು ಕೇಳಿದವನಿಗೆ ತಿಳಿಯುತ್ತದೆ. ಪುಸ್ತಕದ ಪದವಾಗಿ ‘ಸೋರನಿಲ’ ಎಂದು ಬರೆದು ನೋಡಿದೆ. ಸಿಲಿಂಡರಿನ ಅಡುಗೆ ಅನಿಲ ನೆನಪಾಗುತ್ತದೆ. ಹಳಗನ್ನಡದ ‘ಬಿಸುಸುಯ್’ ನನ್ನನ್ನು ಬಹಳ ಸೆಳೆಯಿತು. ಬಿಸಿಯಾದ ಸುಯ್ಲು ಎಂಬ ಅರ್ಥ ಇಲ್ಲಿಗೆ ಅಳತೆ ತೆಗೆದು ಹೊಲಿದಂತಿದೆ. ಆದರೆ ಕಾವ್ಯದಲ್ಲಿ ಅದು ದುಃಖದ ನಿಟ್ಟುಸಿರು. ಕೈಯೆಲ್ಲ ಎಣ್ಣೆ ಮಾಡಿಕೊಂಡವನು ಓದುವಾಗ ಆ ಭಾವ ಅಡ್ಡ ಬಂದೀತೆಂಬ ಅಳುಕಿದೆ.

ನಿಮ್ಮಿಂದ ತಿಳಿಯಬೇಕಾದದ್ದು ಎರಡು. ‘ಬಿಸುಸುಯ್’ ಅಥವಾ ಬರಿಯ ‘ಸುಯ್ಲು’ ನಿಮ್ಮ ಕಡೆಯ ಆಡುಮಾತಿನಲ್ಲಿ ಆವಿಗೋ ಹಬೆಗೋ ಈಗಲೂ ಬಳಕೆಯಲ್ಲಿದೆಯೇ? ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವವರು ಎಂಜಿನ್ನಿನ ಈ ಕೊಳವೆಗೆ ಬ್ರೀದರ್ ಎನ್ನದೆ ಬೇರೆ ಹೆಸರು ಹೇಳುವುದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಊರಿನ ಹೆಸರಿನೊಂದಿಗೆ ದಯವಿಟ್ಟು ಬರೆಯಿರಿ. ಮಾವನವರ ಕೈಪಿಡಿಯ ಆ ಪುಟವನ್ನು ನಿಮ್ಮ ಉತ್ತರಗಳಿಗಾಗಿ ಖಾಲಿ ಇಟ್ಟಿದ್ದೇನೆ.