90 ಸೆಂ.ಮೀ. ತೊಟ್ಟಿಗೆ ಯಾವ ಲೈಟ್? ಬಬಲ್ ಟಿಪ್ ಅನಿಮೋನ್, ಹವಳ ಎರಡಕ್ಕೂ ಹೊಂದಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ತೊಟ್ಟಿ, 90 × 45 × 50 ಸೆಂ.ಮೀ., ಶುರುವಾಗಿ ಎಂಟು ತಿಂಗಳು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ತಾಪಮಾನ 26 ಡಿಗ್ರಿ, ನೈಟ್ರೇಟ್ 8, ಫಾಸ್ಫೇಟ್ 0.06, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8.5 ಡಿಕೆಎಚ್. ಒಳಗೆ ಮಶ್ರೂಮ್, ಜೋವಾ, ಎರಡು ತಲೆಯ ಹ್ಯಾಮರ್ ಎಂಬ ಹವಳಗಳಿವೆ. ಮೇಲಿರುವುದು ಸಿಹಿನೀರಿನ ಗಿಡಗಳಿಗೆಂದು ಮಾರುವ 36 ವ್ಯಾಟ್ ಎಲ್‌ಇಡಿ. ಜೋವಾಗಳ ದಂಟು ಉದ್ದವಾಗಿ ಮೇಲಕ್ಕೆ ಚಾಚಿಕೊಂಡಿವೆ, ಹ್ಯಾಮರ್‌ನ ಹಸಿರು ಮಾಸಿ ಕಂದಾಗಿದೆ. ಮುಂದೆ ಬಬಲ್ ಟಿಪ್ ಅನಿಮೋನ್ (ಹವಳದ ಬಳಗದ, ಕುಟುಕುವ ಮೆತ್ತನೆ ಕಡಲಜೀವಿ), ಆಮೇಲೆ ಮೊಂಟಿಪೋರಾ ಹವಳ ತರುವ ಆಸೆ.

ಲೀಟರಿಗೆ ಇಷ್ಟು ವ್ಯಾಟ್ ಅನ್ನುವ ಲೆಕ್ಕ ಹಿಡಿಯಬಹುದೇ? 165 ವ್ಯಾಟ್‌ನ ಒಂದು ಎಲ್‌ಇಡಿ ಸಾಕೇ, ಚಿಕ್ಕವು ಎರಡು ಬೇಕೇ? ಟಿ5 (ತೆಳು ಟ್ಯೂಬ್‌ಲೈಟ್) ಹಾಕಿದರೆ ಹೇಗೆ? ಎತ್ತರ ಎಷ್ಟು, ದಿನಕ್ಕೆ ಎಷ್ಟು ಗಂಟೆ? ದಯವಿಟ್ಟು ತಿಳಿಸಿ.

ಉತ್ತರ 1

ವ್ಯಾಟ್ ಲೆಕ್ಕ ಬಿಟ್ಟುಬಿಡಿ ಸರ್. ಲೈಟ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನು ಅದು ಹೇಳುತ್ತದೆಯೇ ಹೊರತು ಹವಳ ಕೂತ ಜಾಗಕ್ಕೆ ಎಷ್ಟು ಬೆಳಕು ತಲುಪಿತು ಅನ್ನುವುದನ್ನಲ್ಲ. ಹವಳ, ಅನಿಮೋನ್ ಎರಡರ ಮೈಯೊಳಗೂ ಜೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ತಯಾರಿಸಿದ ಸಕ್ಕರೆಯೇ ಇವುಗಳ ಊಟದ ದೊಡ್ಡ ಪಾಲು. ಆ ಪಾಚಿಗೆ ಒದಗುವ ಬೆಳಕನ್ನು ಅಳೆಯುವುದು ಪಾರ್‌ನಲ್ಲಿ: 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು, ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಎಂದು.

ನಿಮ್ಮ ಪಟ್ಟಿಗೆ ಸುಮಾರು ಅಂಕಿ: ಮಶ್ರೂಮ್‌ಗೆ 50–100, ಜೋವಾ ಮತ್ತು ಹ್ಯಾಮರ್‌ಗೆ 80–150, ಬಬಲ್ ಟಿಪ್‌ಗೆ 150–250, ಮೊಂಟಿಪೋರಾಕ್ಕೆ 200–300. ಹತ್ತಿಪ್ಪತ್ತು ಆಚೀಚೆ ಆದರೆ ಚಿಂತೆಯಿಲ್ಲ. ಅಂದರೆ ತೊಟ್ಟಿಯಿಡೀ ಒಂದೇ ಪ್ರಮಾಣದ ಬೆಳಕು ನಿಮಗೆ ಬೇಕಿಲ್ಲ. ಮರಳಿನ ಹತ್ತಿರ 80, ಕಲ್ಲಿನ ನಡುವೆ 150, ನೆತ್ತಿಯಲ್ಲಿ 250 ಸಿಕ್ಕರೆ ಎಲ್ಲಕ್ಕೂ ಜಾಗವಾಯಿತು.

90 ಸೆಂ.ಮೀ. ಉದ್ದಕ್ಕೆ ಎರಡು ಎಲ್‌ಇಡಿಯೇ ಸರಿ. ಒಂದನ್ನೇ ನಡುವೆ ತೂಗುಹಾಕಿದರೆ ಅದರ ಕೆಳಗೆ ಮಿತಿಮೀರಿದ ಬೆಳಕು, ಎರಡೂ ತುದಿಯಲ್ಲಿ ಕತ್ತಲು. ಜೊತೆಗೆ ಬೆಳಕು ಒಂದೇ ಕಡೆಯಿಂದ ಬಿದ್ದರೆ ಕವಲೊಡೆದ ಹವಳ ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ. ನೀರಿನಿಂದ 20–25 ಸೆಂ.ಮೀ. ಎತ್ತರದಿಂದ ಶುರುಮಾಡಿ. ಕಿರಿದಾದ ಲೆನ್ಸ್ ಇರುವ ಲೈಟಾದರೆ ಇನ್ನೂ ಸ್ವಲ್ಪ ಮೇಲೆ.

ಟಿ5 ಈಗಲೂ ಒಳ್ಳೆಯದೇ, ಬೆಳಕು ಸಮನಾಗಿ ಹರಡುತ್ತದೆ. ನಿಮ್ಮ ಅಳತೆಗೆ 39 ವ್ಯಾಟ್ ಟ್ಯೂಬ್ ಕೂರುತ್ತದೆ, ಅದರ ಉದ್ದ ಸುಮಾರು 85 ಸೆಂ.ಮೀ. 54 ವ್ಯಾಟ್‌ನದು 115 ಸೆಂ.ಮೀ. ಇರುವುದರಿಂದ ಹೊರಗೆ ಚಾಚುತ್ತದೆ. ಮೊಂಟಿಪೋರಾ ತನಕ ಹೋಗುವುದಾದರೆ ಆರು ಟ್ಯೂಬ್ ಬೇಕು, ನಾಲ್ಕು ನೀಲಿ, ಎರಡು ಬಿಳಿ. 9–12 ತಿಂಗಳಿಗೊಮ್ಮೆ ಬದಲಿಸಲೇಬೇಕು. ಕಣ್ಣಿಗೆ ಮೊದಲಿನಂತೆಯೇ ಉರಿದರೂ ಪಾರ್ ಕುಸಿದಿರುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಏರಿಳಿಸುವ ಚಾನೆಲ್ ಇರುವ ಎಲ್‌ಇಡಿಯಲ್ಲಿ, ಬೆಳಕಿನ ಬಣ್ಣ ಹೇಳುವ ಪೆಟ್ಟಿಗೆಯ ಮೇಲಿನ ಕೆಲ್ವಿನ್ ಅಂಕಿಗೆ ಹೆಚ್ಚು ಅರ್ಥವಿಲ್ಲ. ನೇರಳೆ, ರಾಯಲ್ ಬ್ಲೂ, ನೀಲಿ ಮೂರನ್ನೂ ಒಂದೇ ಮಟ್ಟದಲ್ಲಿ ಮುಂದಿಡಿ, ಬಿಳಿಯನ್ನು ಅದರ ಐದನೇ ಒಂದು ಭಾಗಕ್ಕೆ ನಿಲ್ಲಿಸಿ, ಕೆಂಪು ಮತ್ತು ಹಸಿರು ಹೆಸರಿಗಷ್ಟೇ ಇರಲಿ. ಕಡಲಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರಿನಲ್ಲೇ ಹೀರಿಹೋಗುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಬಿಳಿ ಏರಿಸಿದರೆ ಪಾರ್ ಹೆಚ್ಚುತ್ತದೆ ನಿಜ, ಆದರೆ ಹವಳದ ಸ್ವಂತ ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ.

ಉತ್ತರ 2

ಮೇಲಿನ ಅಂಕಿಗಳಿಗೆ ಒಪ್ಪಿಗೆ ಇದೆ. ಅಳೆಯುವ ಬಗೆ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಹವಳ ಸುಡುವುದು ಅಲ್ಲೇ.

ಮೊಬೈಲಿನ ಲಕ್ಸ್ ಆ್ಯಪ್ ನಂಬಬೇಡಿ. ಲಕ್ಸ್ ಮನುಷ್ಯನ ಕಣ್ಣಿಗೆ ತಕ್ಕ ಅಳತೆ, ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ, ನೀಲಿಗೆ ತೀರಾ ಕಡಿಮೆ. ನೀಲಿ ಲೈಟ್ ಕೆಳಗೆ ಹಿಡಿದರೆ ಅಂಕಿ ಸಣ್ಣದಾಗಿ ಬರುತ್ತದೆ, ಸಾಲದು ಅಂದುಕೊಂಡು ಏರಿಸುತ್ತಾ ಹೋಗುತ್ತೇವೆ. ನೀರಿಗಿಳಿಸುವ ಸೆನ್ಸರ್ ಇರುವ ಪಾರ್ ಮೀಟರ್ ಒಂದು ದಿನಕ್ಕೆ ಎರವಲು ಸಿಕ್ಕರೂ ಸಾಕು. ಸೆನ್ಸರ್‌ನ ಮುಖ ನೇರ ಮೇಲಕ್ಕಿರಲಿ. ಅಲೆ ಎಬ್ಬಿಸುವ ಪಂಪ್ ಆರಿಸಬೇಡಿ. ಅಂಕಿ ಕುಣಿಯುತ್ತಿರುತ್ತದೆ, ಹತ್ತು ಸೆಕೆಂಡ್ ನೋಡಿ ಸರಾಸರಿ ಹಿಡಿಯಿರಿ. ಮರಳು, ಕಲ್ಲಿನ ನಡು, ನೆತ್ತಿ, ಹೀಗೆ ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಎಡ, ನಡು, ಬಲ ಬರೆದಿಟ್ಟುಕೊಳ್ಳಿ.

ನಿಮ್ಮ ಹವಳಗಳು ಈಗ ಮಂದ ಬೆಳಕಿಗೆ ಒಗ್ಗಿವೆ. ಕಂದು ತಿರುಗಿದ್ದು ಅದಕ್ಕೇ: ಸಿಕ್ಕಷ್ಟು ಬೆಳಕನ್ನೂ ಹಿಡಿಯಲು ಪಾಚಿ ದಟ್ಟವಾಗಿದೆ. ಆದ್ದರಿಂದ ಹೊಸ ಲೈಟನ್ನು ಶೇ. 30ಕ್ಕಿಟ್ಟು ಶುರುಮಾಡಿ, ವಾರಕ್ಕೆ ಶೇ. 5ರಂತೆ ಏರಿಸಿ. ಆರು ವಾರ ಹಿಡಿಯುತ್ತದೆ, ಹಿಡಿಯಲಿ.

ಗಂಟೆಯೂ ಪ್ರಮಾಣದ ಭಾಗವೇ. 200 ಪಾರ್ ಎಂಟು ಗಂಟೆ ಬಿದ್ದರೆ ದಿನಕ್ಕೆ 5.76 ಮೋಲ್, ಅದೇ ಬೆಳಕು ಹನ್ನೆರಡು ಗಂಟೆ ಬಿದ್ದರೆ 8.64, ಅಂದರೆ ಒಂದೂವರೆ ಪಟ್ಟು. ಪೂರ್ಣ ಬೆಳಕು ಎಂಟು ಗಂಟೆ, ಮುಂಚೆ ಏರಲು ಒಂದು ಗಂಟೆ, ಆಮೇಲೆ ಇಳಿಯಲು ಒಂದು ಗಂಟೆ ಇಡಿ. ಪ್ರಮಾಣ ಏರಿಸುವ ವಾರಗಳಲ್ಲಿ ಗಂಟೆ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಎರಡು ಎಲ್‌ಇಡಿ ಹಾಕಿದೆ, ಆದರೆ ಉತ್ತರ 2 ಓದುವ ಮುಂಚೆಯೇ ಶೇ. 60ಕ್ಕಿಟ್ಟಿದ್ದೆ. ಅದೇ ದಿನ ನೀರು ಶುದ್ಧಿಮಾಡುವ ಹೊಸ ಕಾರ್ಬನ್ (ಇದ್ದಿಲು) ಕೂಡ ಹಾಕಿದ್ದೆ. ಮೂರನೇ ದಿನಕ್ಕೆ ಹ್ಯಾಮರ್ ಪೂರ್ತಿ ಮುದುಡಿದೆ. ಕೆಳಗೆ ನೆರಳಿಗೆ ಇಳಿಸಲೇ? ಇನ್ನೊಂದು, ಮಾರಾಟಕ್ಕಿರುವ ಬಬಲ್ ಟಿಪ್ ಒಂದನ್ನು ನೋಡಿದೆ, ಮೈಯೆಲ್ಲ ಹಾಲಿನ ಬಿಳುಪು, ತುದಿ ಮಾತ್ರ ನೇರಳೆ. ತರಬಹುದೇ?

ಉತ್ತರ 3

ಹ್ಯಾಮರ್ ಅನ್ನು ಕದಲಿಸಬೇಡಿ. ಲೈಟನ್ನು ಈಗಲೇ ಶೇ. 30ಕ್ಕೆ ಇಳಿಸಿ. ಜಾಗ ಬದಲಿಸಿದರೆ ನೀರಿನ ಸೆಳೆತವೂ ಬದಲಾಗುತ್ತದೆ, ಅದು ಇನ್ನೊಂದು ಪೆಟ್ಟು. ಕಾರ್ಬನ್ ನೀರಿನ ಹಳದಿ ಛಾಯೆಯನ್ನು ತೆಗೆಯುತ್ತದೆ, ಹಾಗಾಗಿ ಅದೇ ಲೈಟ್ ಕೆಳಗೆ ಇನ್ನಷ್ಟು ತಲುಪುತ್ತದೆ. ಎರಡೂ ಒಂದೇ ದಿನ ಬಿದ್ದದ್ದು ಹೊರೆಯಾಗಿದೆ. ಮುಂದೆ ಕಾರ್ಬನ್ ಅರ್ಧ ಪ್ರಮಾಣ ಹಾಕಿ, ಲೈಟ್ ಏರಿಸುವ ವಾರದಲ್ಲಿ ಬೇಡ.

ಬೆಳಕು ಮಿತಿಮೀರಿದಾಗ ಮೈಯೊಳಗಿನ ಪಾಚಿ ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕ ರೂಪಗಳನ್ನು ಬಿಡುಗಡೆ ಮಾಡುತ್ತದೆ. ಆಗ ಹವಳ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು 29–30 ಡಿಗ್ರಿಗೆ ಕಾದಿದ್ದರೆ ಇದು ಇನ್ನೂ ಬೇಗ. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ: ಬೆಳಕಿಗೆ ಒಡ್ಡಿದ ಮೇಲ್ಭಾಗ ಪೇಲವವಾಗಿ, ನೆರಳಿನ ಬುಡ ಇನ್ನೂ ಕಂದಾಗಿದ್ದರೆ ಅದು ಬೆಳಕಿನ ಪೆಟ್ಟು. ಗಟ್ಟಿ ಅಸ್ಥಿಯ ಅಂಚಿನಿಂದ ಮಾಂಸ ಹಿಂದೆ ಸರಿದು ಬಿಳಿ ಗೆರೆ ಕಂಡರೆ ಆಲ್ಕಲಿನಿಟಿಯನ್ನೂ ಅವತ್ತೇ ಪರೀಕ್ಷಿಸಿ.

ಆ ಬಿಳಿ ಅನಿಮೋನ್ ತರಬೇಡಿ, ಅದರ ಪಾಚಿ ಹೋಗಿದೆ. ಚೇತರಿಸಿಕೊಳ್ಳಲು 80–100 ಪಾರ್ ಬೆಳಕಿನಲ್ಲಿಟ್ಟು ವಾರಕ್ಕೆರಡು ಸಲ ಕಡಲೆಕಾಳಿನಷ್ಟು ಸಿಗಡಿ ಚೂರು ತಿನ್ನಿಸುತ್ತಾ ತಿಂಗಳುಗಟ್ಟಲೆ ಕಾಯಬೇಕು. ಮೊದಲ ಅನಿಮೋನ್‌ಗೆ ಅದು ಬೇಡ. ಹಸಿರಿರಲಿ, ಗುಲಾಬಿಯಿರಲಿ, ಒಳಗಿಂದ ಕಂದು ಛಾಯೆ ಇರಬೇಕು. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಪಾದ (ಕಲ್ಲಿಗೆ ಅಂಟುವ ಬುಡ) ಹರಿದಿರಬಾರದು, ಹಿಡಿತ ಗಟ್ಟಿಯಿರಬೇಕು.

ತಂದ ಮೇಲೆ ಆಳವಾದ ಬಿರುಕಿರುವ ಒಂಟಿ ಕಲ್ಲಿನ ಮೇಲೆ, 150 ಪಾರ್ ಜಾಗದಲ್ಲಿ ಬಿಡಿ. ಹ್ಯಾಮರ್‌ನಿಂದ ಕಡೇಪಕ್ಷ 20 ಸೆಂ.ಮೀ. ದೂರವಿರಲಿ. ತಾಗಿದರೆ ಎರಡೂ ಕುಟುಕಾಡಿಕೊಳ್ಳುತ್ತವೆ. ಅದಕ್ಕೂ ಮುಂಚೆ ಪ್ರತಿ ಪಂಪಿನ ಬಾಯಿಗೂ ಸ್ಪಾಂಜ್ ಅಥವಾ ಜಾಲರಿ ಕಟ್ಟಿ, ನಡೆದಾಡುವ ಅನಿಮೋನ್ ಸಾಯುವುದು ಹೆಚ್ಚಾಗಿ ಅಲ್ಲಿ ಸಿಕ್ಕಿಕೊಂಡು. ನೆತ್ತಿಗೆ ಹತ್ತಿ ಮೈ ಚಾಚಿಕೊಂಡೇ ಇದ್ದರೆ ಬೆಳಕು ಸಾಲದು. ಕಲ್ಲಿನಡಿ ಅವಿತರೆ ಬೆಳಕೋ ನೀರಿನ ಸೆಳೆತವೋ ಹೆಚ್ಚಾಗಿದೆ. ಆದರೂ ಎರಡು ವಾರ ಕಾದು ನೋಡಿಯೇ ಲೈಟ್ ಮುಟ್ಟಿ.

ಲೆನ್ಸ್ ಮೇಲೆ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಲೈಟ್ ಆರಿಸಿ, ಪ್ಲಗ್ ಕಿತ್ತು, ಆರ್‌ಒ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಹಳ ದಿನ ಬಿಟ್ಟು ಒರೆಸಿದ್ದಾದರೆ ಬೆಳಕು ಒಮ್ಮೆಗೇ ಏರುತ್ತದೆ, ಆ ವಾರ ಶೇ. 5 ಇಳಿಸಿಡಿ.